ಮ್ಯಾಟ್ ಕಬಡ್ಡಿಗೆ ಕಾಲು ಹೊರಳದ ಶೂ: ಮಾಡಿಸಿದವರು, ಹಾಕಿ ಆಡಿದವರು ಹೇಳಿ

ಹಾಸನದ ಪಿ.ಟಿ. ಮೇಷ್ಟ್ರು: ನಮ್ಮದು ಸರ್ಕಾರಿ ಹೈಸ್ಕೂಲು. ಹೆಣ್ಣುಮಕ್ಕಳ ಕಬಡ್ಡಿ ತಂಡ ಮಣ್ಣಿನ ಅಂಕಣದಿಂದ ಮ್ಯಾಟಿಗೆ ಬಂದು ಎರಡು ವರ್ಷವಾಯ್ತು. ಈ ವರ್ಷ ಮೂವರಿಗೆ ಪಾದ ಹೊರಮಗ್ಗುಲಿಗೆ ಹೊರಳಿ ಉಳುಕಿದೆ. ದಾನಿಯೊಬ್ಬರು 12 ಜೊತೆ ಶೂಗೆ 18,000 ರೂಪಾಯಿ ಕೊಡಲು ಒಪ್ಪಿದ್ದಾರೆ. ಅಂಗಡಿಯದ್ದನ್ನೇ ತರಲೋ, ಸೋಲ್ ಬೇರೆ ಥರ ಮಾಡಿಸಲೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮಂಡ್ಯ ರೈಡರ್: ಮೇಷ್ಟ್ರೇ, ಗ್ರಿಪ್ ಗ್ರಿಪ್ ಅಂತ ಅದರ ಹಿಂದೆ ಬೀಳಬೇಡಿ. ನಾನು ಬಿದ್ದು ಮಂಡಿ ಕಳ್ಕೊಂಡೆ. ಹಳೇ ಶೂ ಜಾರುತ್ತೆ ಅಂತ ಟೂರ್ನಮೆಂಟ್ ಹಿಂದಿನ ಸಂಜೆ 2,300 ಕೊಟ್ಟು ಹೊಸದು ತಂದೆ. ಮೂರನೇ ರೈಡು. ಬೋನಸ್ ಗೆರೆ ಮುಟ್ಟಿ ಎಡಕ್ಕೆ ತಿರುಗಿದೆ. ಮೈ ತಿರುಗ್ತು, ಪಾದ ತಿರುಗಲಿಲ್ಲ. ಸೋಲ್ ಮ್ಯಾಟಿಗೆ ಗೋಂದು ಹಾಕ್ದಂಗೆ ಕಚ್ಕೊಂಡಿತ್ತು. ಮಂಡಿ ಒಳಗೆ ಟಪ್ ಅಂದಿದ್ದು ಸ್ಕೋರ್ ಬರೆಯೋರಿಗೂ ಕೇಳಿಸ್ತಂತೆ. ನಾಟಿ ಕಟ್ಟು ಹಾಕಿಸ್ಕೊಂಡು 21 ದಿನ ಮಲಗಿದೆ, 3,600 ಹೋಯ್ತು, ಕಾಲು ಸಣ್ಣಗಾಯ್ತೇ ಹೊರತು ಮಂಡಿ ನಿಲ್ಲಲಿಲ್ಲ. ಎಂ.ಆರ್.ಐ. 7,000. ಎ.ಸಿ.ಎಲ್., ಅಂದ್ರೆ ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟು, ಪೂರ್ತಿ ಹರಿದಿತ್ತು. ಆಪರೇಷನ್ 1,65,000. ಎರಡು ಸೀಮೆಹಸು ಮಾರಿದೋ. ಫಿಸಿಯೋಗೆ ಒಂದು ಸಲಕ್ಕೆ 350ರಂತೆ 60 ಸಲ, 21,000. ಬಸ್ ಚಾರ್ಜು ಲೆಕ್ಕ ಹಾಕಿಲ್ಲ. ಈಗ ಹೊಸ ಶೂ ತಂದ್ರೆ ಹೆಬ್ಬೆರಳ ಬುಡದ ಕೆಳಗೆ, ನಾವು ತಿರುಗೋ ಜಾಗ ಇದೆಯಲ್ಲ, ಐದು ರೂಪಾಯಿ ನಾಣ್ಯದಷ್ಟು ಗೀರುಗಳನ್ನ ಸಿಮೆಂಟ್ ಕಟ್ಟೆಗೆ ಉಜ್ಜಿ ನುಣ್ಣಗೆ ಮಾಡ್ಕೋತೀನಿ. ಆಮೇಲೇ ಮ್ಯಾಟಿಗೆ ಇಳಿಯೋದು.

ಬಸವನಗುಡಿ ಅಮ್ಮ: ಮಂಡಿ ಕಥೆ ಬೇರೆ, ಪಾದ ಹೊರಳುವ ಕಥೆ ಬೇರೆ. ನನ್ನ ಮಗಳು ಬ್ಯಾಡ್ಮಿಂಟನ್ ಆಡುತ್ತಾಳೆ. ಮೆತ್ತಗಿದ್ದರೆ ಕಾಲಿಗೆ ಒಳ್ಳೆಯದು ಅಂತ ನಾನೇ 6,800ರ ಓಡುವ ಶೂ ಕೊಡಿಸಿದೆ. ಅದೇ ನಾನು ಮಾಡಿದ ತಪ್ಪು. ಹಿಮ್ಮಡಿ ಹತ್ತಿರ ಸ್ಕೇಲ್ ಇಟ್ಟು ಅಳೆದರೆ 34 ಮಿಲಿಮೀಟರ್ ದಪ್ಪ! ನೇರ ಓಡುವವರಿಗೆ ಅದು ಸರಿ. ಪಕ್ಕಕ್ಕೆ ಹಾರಿ ಇಳಿದಾಗ ಹೊರಗಡೆಯ ಫೋಮ್ ಅಮುಕಿಕೊಂಡು ಪಾದ ಪಲ್ಲಕ್ಕಿಯಿಂದ ಉರುಳಿದ ಹಾಗೆ ಉರುಳಿತು. ಎಷ್ಟು ಎತ್ತರದಲ್ಲಿ ನಿಂತಿರುತ್ತೇವೋ ಅಷ್ಟು ಜೋರಾಗಿ ಹೊರಳುತ್ತದೆ. ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನ ಆಮೇಲೆ ಓದಿದೆ. ಹಿಮ್ಮಡಿಯಲ್ಲಿ ಗಾಳಿ ತುಂಬಿದ ಗೂಡು ಇರುವ ಶೂ ಹಾಕಿದವರಿಗೆ ಪಾದ ಉಳುಕುವ ಸಂಭವ ನಾಲ್ಕು ಪಟ್ಟಿಗಿಂತ ಹೆಚ್ಚು ಅಂತಿತ್ತು. ಮೊದಲೇ ಓದಿದ್ದರೆ! ಆರು ವಾರ, ಎರಡು ರಾಜ್ಯ ಮಟ್ಟದ ಟೂರ್ನಮೆಂಟ್ ಹೋಯಿತು, ಕೋಚಿಂಗ್ ಫೀಸು ವಾಪಸು ಕೊಡಲಿಲ್ಲ. ಈಗ 3,200ರ ಬ್ಯಾಡ್ಮಿಂಟನ್ ಶೂ. ತಗ್ಗು, ಅಗಲ, ಹೊರಅಂಚು ದುಂಡಗೆ.

ಪೀಣ್ಯ ಶೂ ಕೆಲಸ: ನಾನು ಮಾಡಿಯೇ ಕೈ ಸುಟ್ಟುಕೊಂಡವನು. ಡೆನ್ಮಾರ್ಕಿನವರು ಶೂವಿನ ಹೊರಮಗ್ಗುಲಿಗೆ ಜಾರುವ ಪಟ್ಟಿ ಅಂಟಿಸಿ, ಮೊದಲೇ ಪಾದ ಉಳುಕಿದ್ದ 510 ಒಳಾಂಗಣ ಆಟಗಾರರಲ್ಲಿ ಪರೀಕ್ಷೆ ಮಾಡಿದ್ದರು. ಪಾದ ಹೊರಳಲು ಶುರುವಾದಾಗ ಅಂಚು ನೆಲಕ್ಕೆ ಕಚ್ಚದೆ ಜಾರಲಿ ಎಂಬುದು ಅದರ ಲೆಕ್ಕ. ನಾನೂ ಟೆಫ್ಲಾನ್ ಪಟ್ಟಿ ಅಂಟಿಸಿದೆ. ಬೆವರಿಗೆ 9 ದಿನದಲ್ಲಿ ಕಿತ್ತು ಬಂತು. ಮೂರು ಥರ ಅಂಟು ಬದಲಾಯಿಸಿದೆ. ಆಮೇಲೆ ಅಂಚನ್ನೇ ದುಂಡು ಮಾಡಿ, ಮುಂಗಾಲ ಕೆಳಗೆ ವೃತ್ತದ ಗೀರು ಹಾಕಿ, ನಡುವೆ ಗಟ್ಟಿ ಪಟ್ಟಿ ಕೂರಿಸಿ ಸ್ವಂತ ಅಚ್ಚು ಮಾಡಿಸಿದೆ. ಒಂದೊಂದು ಸೈಜಿಗೂ ಬೇರೆ ಅಚ್ಚು ಬೇಕು, ಒಂದಕ್ಕೆ 38,000. ನಾಲ್ಕು ಸೈಜಿಗೆ 1,52,000. 200 ಜೊತೆ ಹೊಲಿಸಿದೆ, 61 ಜೊತೆ ಸೋಲ್ ಬಿಟ್ಟುಕೊಂಡು ವಾಪಸು ಬಂದವು. ಆದರೆ ಆ ಸೋಲಿನ ಆಕಾರ ತಪ್ಪಿರಲಿಲ್ಲ, ಅಂಟು ತಪ್ಪಿತ್ತು. ಇವತ್ತಿಗೂ ಅದೇ ಮಾತು ಹೇಳುತ್ತೇನೆ. ಮಂಡ್ಯದವರೇ, ಸೋಲನ್ನು ಸಿಮೆಂಟಿಗೆ ಉಜ್ಜುವುದು ವಿನ್ಯಾಸವಲ್ಲ.

ಮಂಡ್ಯ ರೈಡರ್: ನಿಮ್ಮ 61 ಜೊತೆ ಶೂ ಸೋಲ್ ಆಟದ ಮಧ್ಯೆ ಬಿಟ್ಕೊಂಡಿದ್ರೆ ಯಾರ ಕಾಲು ಮುರೀತಿತ್ತು? ನನ್ನ ಉಜ್ಜಿದ ಶೂ ನಾಲ್ಕು ವರ್ಷದಿಂದ ನನ್ನನ್ನ ಕಾಪಾಡ್ತಿದೆ.

ಧಾರವಾಡ ಕೋಚ್: ಏನ್ರಿ ಇದು, ಎಲ್ಲಾರೂ ರೊಕ್ಕದ ಲೆಕ್ಕ ಹಾಕ್ಕೋತ ಕುಂತೀರಿ. ನಾ 22 ವರ್ಷ ಕೆಂಪು ಮಣ್ಣಾಗ ಬರಿಗಾಲಲೆ ಆಡೀನಿ. ತಿರುಗಿದ್ರ ಪಾದದ ಕೂಡ ಮಣ್ಣೂ ಸರಿತಿತ್ತು. ಮ್ಯಾಟ್ ಹಂಗ ಬಿಡಂಗಿಲ್ಲ. 2014ರಾಗ ಪ್ರೊ ಕಬಡ್ಡಿ ಟಿ.ವಿ.ಯಾಗ ಬಂತು, ಊರೂರಾಗ ಮ್ಯಾಟ್ ಹಾಸಿದ್ರು, ಶೂ ಮಾರಾವ್ರಿಗೆ ಸುಗ್ಗಿ ಆತು. ಮೇಷ್ಟ್ರ, ಹುಡುಗ್ಯಾರನ್ನ ವಾರದಾಗ ಮೂರು ದಿನ ಮಣ್ಣಾಗ ಇಳಸ್ರಿ.

ಪೀಣ್ಯ ಶೂ ಕೆಲಸ: ಸುಗ್ಗಿಯೇ? ನನ್ನ ಸಾಲ ಇನ್ನೂ ತೀರಿಲ್ಲ ಸಾರ್. ತಾಲ್ಲೂಕು ಪಂದ್ಯ ಮ್ಯಾಟ್ ಮೇಲೆ ನಡೆಯುವಾಗ ಮಕ್ಕಳು ಮಣ್ಣಿನಲ್ಲಿ ಕಲಿತು ಏನು ಮಾಡಬೇಕು?

ಮೈಸೂರು ಫಿಸಿಯೋ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಹೆಚ್ಚು ಕಚ್ಚುವ ಸೋಲಿನಿಂದ ಮಂಡಿಗೆ ಪೆಟ್ಟು ಎಂಬುದು ಹೊಸ ಮಾತಲ್ಲ. ಅಮೆರಿಕದಲ್ಲಿ ಹೈಸ್ಕೂಲಿನ 3,119 ಅಮೆರಿಕನ್ ಫುಟ್‌ಬಾಲ್ ಹುಡುಗರನ್ನು ಮೂರು ಸೀಸನ್ ಗಮನಿಸಿ 1996ರಲ್ಲಿ ಬರೆದರು: ಸೋಲಿನ ಅಂಚಿನಲ್ಲಿ ಉದ್ದ ಸ್ಟಡ್ (ನೆಲಕ್ಕೆ ಕಚ್ಚುವ ಮೊಳೆಯಂಥ ಉಬ್ಬು) ಇದ್ದ ಶೂಗಳಲ್ಲಿ ತಿರುಚುವಾಗ ಹಿಡಿತ ಜಾಸ್ತಿ, ಎ.ಸಿ.ಎಲ್. ಹರಿದದ್ದೂ ಜಾಸ್ತಿ. ಆದರೆ ಒಮ್ಮೆ ಉಳುಕಿದ ಪಾದಕ್ಕೆ ಶೂ ಒಂದೇ ಸಾಲದು. ಒಂಟಿಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸ ಬೇಕು, ಪಾದದ ಗಂಟನ್ನು ಬಿಗಿಯಾಗಿ ಹಿಡಿಯುವ, ಲೇಸ್ ಕಟ್ಟುವ ಆಂಕಲ್ ಬ್ರೇಸ್ ಬೇಕು. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ನಾಟಿ ಕಟ್ಟಿನಲ್ಲಿ ತಿಂಗಳು ಕಳೆದೇ ಬರುತ್ತಾರೆ. ಅದನ್ನು ಕಂಡಾಗ ಸಿಟ್ಟು ಬರುತ್ತದೆ.

ಧಾರವಾಡ ಕೋಚ್: ನಮ್ಮ ಅಜ್ಜ ಕಟ್ಟು ಕಟ್ಟತಿದ್ರು. ಎಷ್ಟು ಮಂದಿ ನಡಕೋತ ಮನಿಗೆ ಹೋಗ್ಯಾರ ನಿಮಗ ಗೊತ್ತಿಲ್ಲ. ಹಿರ್‍ಯಾರ ಬಗ್ಗೆ ಮಾತಾಡೂ ಮುಂದ ವಿಚಾರ ಮಾಡ್ರಿ.

ಮಂಡ್ಯ ರೈಡರ್: ಮುರಿದ ಮೂಳೆಗೆ ಇರಬಹುದು ಕಣಣ್ಣ. ಹರಿದ ಲಿಗಮೆಂಟಿಗೆ ಯಾವ ಅಜ್ಜನ ಸೊಪ್ಪೂ ಇಲ್ಲ. ಇಪ್ಪತ್ತೊಂದು ದಿನ ಮಲಗಿದ್ದೋನು ನಾನು.

ಬಸವನಗುಡಿ ಅಮ್ಮ: ಮೇಷ್ಟ್ರು ಶೂ ಕೇಳಿದ್ದು. ಆ ಮಕ್ಕಳು ಈಗ ಏನು ಹಾಕುತ್ತಾರೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹಾಸನದ ಪಿ.ಟಿ. ಮೇಷ್ಟ್ರು: ಇವತ್ತು ಸಂಜೆ ಮೂವರ ಶೂನೂ ಬಿಚ್ಚಿಸಿ ನೋಡಿದೆ ಅಮ್ಮ. ಇಬ್ಬರದು ಅಕ್ಕಂದಿರ ಹಳೇ ಶೂ, ಒಂದು ಸೈಜು ದೊಡ್ಡದು, ತುದಿಗೆ ಬಟ್ಟೆ ತುರುಕಿದ್ದಾರೆ. ಒಬ್ಬಳ ಹಿಮ್ಮಡಿ ಒಳಗೆ ಬೆರಳು ಸಲೀಸಾಗಿ ಹೋಗುತ್ತೆ. ಇಷ್ಟು ದಿನ ನನಗೆ ಹೇಳಿರಲಿಲ್ಲ. ಹೇಳಿದರೆ ತಂಡದಿಂದ ಬಿಡ್ತೀನಿ ಅಂದುಕೊಂಡಿದ್ದರಂತೆ.

ಪೀಣ್ಯ ಶೂ ಕೆಲಸ: ಒಳಗೇ ಪಾದ ಜಾರಿದರೆ ಹೊರಗಿನ ಸೋಲ್ ಹೇಗಿದ್ದರೂ ಪ್ರಯೋಜನವಿಲ್ಲ. ಅಚ್ಚಿನ ಯೋಚನೆ ಬಿಡಿ, 18,000 ಅದರ ಅರ್ಧ ಸೈಜಿಗೂ ಬರುವುದಿಲ್ಲ. ತಗ್ಗು ಸೋಲಿನ ರೆಡಿಮೇಡ್ ಶೂ ನನ್ನ ಪರಿಚಯದ ಹೋಲ್‌ಸೇಲ್‌ನಲ್ಲಿ 1,200ಕ್ಕೆ ಕೊಡಿಸುತ್ತೇನೆ, ಉಳಿದದ್ದರಲ್ಲಿ ಮೂವರಿಗೂ ಬ್ರೇಸ್ ಆಗುತ್ತದೆ. ಹುಡುಗಿಯರನ್ನು ಹಾಳೆಯ ಮೇಲೆ ನಿಲ್ಲಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದ ಬರೆದುಕೊಳ್ಳಿ. ಆಟ ಮುಗಿದ ಮೇಲೆ ಸಂಜೆ ಹೊತ್ತು ಬರೆಯಿರಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಆಡುವಾಗ ಹಾಕುವ ಸಾಕ್ಸ್ ಹಾಕಿಸಿ. ಹಾಳೆ ಮೇಲೆ ಹೆಸರು ಬರೆದು ಕಳಿಸಿ. ಧಾರವಾಡದವರಿಗೆ ನಾನು ಇನ್ನು ಉತ್ತರ ಕೊಡುವುದಿಲ್ಲ.