ಫಾರ್ಮಿಕ್ ಆಸಿಡ್ ಇಡುವಾಗ ಮುಖಕ್ಕೆ ಏನು ಹಾಕಿಕೊಳ್ಳುತ್ತೀರಿ?

ನಲವತ್ತು ಪೆಟ್ಟಿಗೆ:
ನನ್ನ ಹತ್ತಿರ 40 ಪೆಟ್ಟಿಗೆ ಮೆಲ್ಲಿಫೆರಾ (ಯುರೋಪಿನ ಜಾತಿಯ ಜೇನು) ಇದೆ. ಈ ಸಲ ಜೇನಿನ ಮೈಗೆ ಅಂಟುವ ವರೋವಾ ನುಸಿ ಜಾಸ್ತಿ. ಹೊಸ ಹುಳಗಳು ಮುರುಟಿದ ರೆಕ್ಕೆಯಲ್ಲಿ ಹೊರಗೆ ಬರುತ್ತಿವೆ. ಆವಿಗೆ ನುಸಿ ಸಾಯಲಿ ಅಂತ ಶೇ. 85ರ ಫಾರ್ಮಿಕ್ ಆಸಿಡ್ ತಂದು, ಪೆಟ್ಟಿಗೆಗೆ ದಿನಕ್ಕೆ 5 ಮಿಲಿ ಇಡಲು ಶುರು ಮಾಡಿದೆ. ಅಂಗಡಿಯವರು ಎನ್95 ಮಾಸ್ಕ್ ಸಾಕು ಅಂದಿದ್ದರು. ಮೊನ್ನೆ ಏಳನೇ ಪೆಟ್ಟಿಗೆಗೆ ಬಗ್ಗಿದಾಗ ಗಾಳಿ ತಿರುಗಿತು. ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ಹೊತ್ತಿಹೋದಾಗ ಬರುವ ಘಾಟು ಇರುತ್ತದಲ್ಲ, ಅದರ ಹತ್ತು ಪಟ್ಟು ಮೂಗಿಗೆ ನುಗ್ಗಿತು. ಬಾಟಲಿ ಅಲ್ಲೇ ಇಟ್ಟು ಬದುವಿನ ತನಕ ಓಡಿದೆ. ಎರಡು ರಾತ್ರಿ ಕೆಮ್ಮಿದೆ. ಯಾವ ಮಾಸ್ಕ್ ತರಬೇಕು? ಜೇನು ಟೋಪಿಯ ಬಲೆಯೊಳಗೆ ಅದು ಕೂರುತ್ತದಾ? ಸಹಾಯಕ್ಕೆ ಬರುವ ನನ್ನ ತಮ್ಮನಿಗೆ ಉಬ್ಬಸ ಇದೆ, ಅವನನ್ನು ಕರೆಯಬಹುದಾ?

ಲ್ಯಾಬ್ ಮೇಷ್ಟ್ರು:
ಎನ್95 ಧೂಳನ್ನು ಹಿಡಿಯುತ್ತದೆ, ಆವಿಯನ್ನಲ್ಲ. ಫಾರ್ಮಿಕ್ ಆವಿ ಅದರೊಳಗಿಂದ ಸಲೀಸಾಗಿ ಬರುತ್ತದೆ. ನಿಮಗೆ ಬೇಕಿರುವುದು ಮೂಗು, ಬಾಯಿ, ಗದ್ದ ಮುಚ್ಚುವ ರಬ್ಬರ್ ಮಾಸ್ಕ್, ಅದಕ್ಕೆ ಆಸಿಡ್ ಗ್ಯಾಸ್ ಕಾರ್ಟ್ರಿಜ್, ಅಂದರೆ ಆಸಿಡ್ ಆವಿ ಹಿಡಿಯುವ ಡಬ್ಬಿ. ಜೊತೆಗೆ ಕಣ್ಣಿಗೆ ಗಾಗಲ್ಸ್, ಕೈಗೆ ಆಸಿಡ್ ತಡೆಯುವ ಗ್ಲೌಸ್. ಅಮೆರಿಕದಲ್ಲಿ ಕೆಲಸದ ಜಾಗದ ಮಿತಿ 8 ಗಂಟೆಯ ಸರಾಸರಿಗೆ 5 ಪಿಪಿಎಂ. ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಐದೇ ಪಾಲು. ಗಡ್ಡ ಇದ್ದರೆ ಯಾವ ಮಾಸ್ಕೂ ಸರಿಯಾಗಿ ಕೂರುವುದಿಲ್ಲ, ತೆಗೆಯಲೇಬೇಕು.

ರಬ್ಬರ್ ತೋಟ:
"ಕೆಲಸದ ಜಾಗ" ಅಂತೆ. ಸ್ವಾಮಿ, ಅವರು ಬಯಲಲ್ಲಿ ನಿಂತಿದ್ದಾರೆ, ನಾಲ್ಕು ಗೋಡೆಯ ಕಾರ್ಖಾನೆಯಲ್ಲಿ ಅಲ್ಲ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಇದೇ ಆಸಿಡ್ ಬಳಸುತ್ತೇವೆ. ನಾನು 20 ವರ್ಷದಿಂದ ಬಳಸುತ್ತಿದ್ದೇನೆ, ಯಾವ ಕಾರ್ಟ್ರಿಜ್ಜೂ ಇಲ್ಲ. ಬೈರಾಸು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮುಗಿಯಿತು.

ಕೋಲಾರದ ಜೇನು:
"ಇದೇ ಆಸಿಡ್" ಅಲ್ಲ. ನೀವು ಹಾಲಿಗೆ ಹಾಕುವ ಮೊದಲು ನೀರು ಬೆರೆಸಿ ಶೇ. 1ರ ಆಸುಪಾಸಿಗೆ ಇಳಿಸುತ್ತೀರಿ. ಇವರು ಶೇ. 85ನ್ನು ಹಾಗೇ ಸುರಿಯುತ್ತಿದ್ದಾರೆ. ನಿಮ್ಮದು ಮಜ್ಜಿಗೆ ನೀರು, ಇವರದು ಗಟ್ಟಿ ಮೊಸರು.

ರಬ್ಬರ್ ತೋಟ:
ಕ್ಯಾನಲ್ಲಿ ಬರುವುದು ಶೇ. 85ರದ್ದೇ. ಅದನ್ನು ತೆರೆದು ಅಳೆದು ನೀರಿಗೆ ಹಾಕುವುದು ನಾವೇ. ಗೊತ್ತಿಲ್ಲದಿದ್ದರೆ ಕೇಳಿ.

ಕೋಲಾರದ ಜೇನು:
ದಿನಕ್ಕೆ ಒಂದು ಸಲ ತೆರೆಯುತ್ತೀರಿ, ಅಷ್ಟೇ. 40 ಪೆಟ್ಟಿಗೆಗೆ 15 ದಿನ ಇಟ್ಟರೆ 600 ಸಲ ಬಗ್ಗಬೇಕು. ಪ್ರತಿ ಸಲವೂ ಮುಖ ಪೆಟ್ಟಿಗೆಯೊಳಗಿನ ಎರಿಯ ಚೌಕಟ್ಟಿನ ಮೇಲೇ ಇರುತ್ತದೆ. ನಿನ್ನೆ ಇಟ್ಟ ಆಸಿಡ್‌ನ ಆವಿ ಮುಚ್ಚಳದ ಕೆಳಗೆ ಕಾಯುತ್ತಾ ಇರುತ್ತದೆ, ತೆಗೆದ ತಕ್ಷಣ ಮೇಲೆ ಬರುತ್ತದೆ.

ತುಡುವೆ ಮನೆ:
ಮೆಲ್ಲಿಫೆರಾ ಸಾಕಿದ್ದಕ್ಕೇ ಈ ಗೋಳು. ನಮ್ಮ ನಾಡಿನ ಜೇನು ತುಡುವೆ ನುಸಿಯನ್ನು ತಾನೇ ಹುಡುಕಿ, ಕಿತ್ತು ಹಾಕುತ್ತದೆ. ಅಜ್ಜನ ಕಾಲದಿಂದ ಒಂದು ಹನಿ ಆಸಿಡ್ ಇಟ್ಟಿಲ್ಲ.

ಕೋಲಾರದ ಜೇನು:
1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ಜೇನುರೋಗ ಬಂದು ಕರಾವಳಿ, ಮಲೆನಾಡಲ್ಲಿ ಪೆಟ್ಟಿಗೆಗಳೆಲ್ಲ ಖಾಲಿಯಾದಾಗ ನಿಮ್ಮ ತುಡುವೆ ಏನು ಕಿತ್ತು ಹಾಕಿತು?

ತುಡುವೆ ಮನೆ:
ಅದು ವೈರಸ್. ಅದಕ್ಕೆ ನಿಮ್ಮ ಆಸಿಡ್ ಕೆಲಸ ಮಾಡುತ್ತಿತ್ತಾ?

ಲ್ಯಾಬ್ ಮೇಷ್ಟ್ರು:
ಒದ್ದೆ ಬೈರಾಸಿಗೆ ಬರೋಣ. ಅದು ಬಹಳ ತಪ್ಪು ಸಲಹೆ.

ರಬ್ಬರ್ ತೋಟ:
ತಪ್ಪು ಹೇಗೆ? ಫಾರ್ಮಿಕ್ ಆಸಿಡ್ ನೀರಿನಲ್ಲಿ ಪೂರ್ತಿ ಕರಗುತ್ತದೆ ಅಂತ ನಿಮ್ಮ ಪುಸ್ತಕವೇ ಹೇಳುತ್ತದೆ. ಆವಿ ಬಂದರೆ ಬಟ್ಟೆಯ ನೀರು ಹೀರಿಕೊಳ್ಳುತ್ತದೆ. 1984ರಲ್ಲಿ ಭೋಪಾಲದಲ್ಲಿ ಒದ್ದೆ ಬಟ್ಟೆ ಮುಚ್ಚಿಕೊಂಡಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಅಂತ ತಿಳಿದವರೇ ಹೇಳಿದ್ದಾರೆ.

ಲ್ಯಾಬ್ ಮೇಷ್ಟ್ರು:
ಹೀರಿಕೊಂಡ ಮೇಲೆ ಆ ಆಸಿಡ್ ಎಲ್ಲಿರುತ್ತದೆ? ನಿಮ್ಮ ತುಟಿಗೆ ಒತ್ತಿಕೊಂಡಿರುವ ಬಟ್ಟೆಯಲ್ಲಿ. ಹತ್ತು ಪೆಟ್ಟಿಗೆ ಆಗುವಷ್ಟರಲ್ಲಿ ಆಸಿಡ್ ಪಟ್ಟಿ ಕಟ್ಟಿಕೊಂಡ ಹಾಗೆ. ಪಕ್ಕದ ಸಂದಿಯಿಂದ ಬರುವ ಗಾಳಿಗಂತೂ ಯಾವ ತಡೆಯೂ ಇಲ್ಲ.

ರಬ್ಬರ್ ತೋಟ:
"ಪಟ್ಟಿ ಕಟ್ಟಿಕೊಂಡ ಹಾಗೆ" ಅನ್ನಲು ನೀವು ಕಟ್ಟಿ ನೋಡಿದ್ದೀರಾ? ನಾನು ಕಟ್ಟಿದ್ದೇನೆ. ತುಟಿ ಸುಟ್ಟಿಲ್ಲ. ಮಧ್ಯೆ ಎರಡು ಸಲ ಹಿಂಡಿ ತೊಳೆದರೆ ಆಯಿತು.

ಕೋಲಾರದ ಜೇನು:
ಭೋಪಾಲದ ಮಾತು ಜೀವ ಉಳಿಸಿಕೊಂಡು ಓಡುವವರಿಗೆ. ಅಲ್ಲೇ ನಿಂತು 40 ಮುಚ್ಚಳ ತೆಗೆಯಿರಿ ಅಂತ ಯಾರೂ ಹೇಳಲಿಲ್ಲ. ಸತ್ತವರ ಹೆಸರಲ್ಲಿ ಬೈರಾಸು ಮಾರಬೇಡಿ!

ರಬ್ಬರ್ ತೋಟ:
ಮಾರಬೇಡಿ ಅಂತೀರಾ? ಮಾರುತ್ತಿರುವವರು ಯಾರು? ಸಾವಿರಾರು ರೂಪಾಯಿಯ ಮಾಸ್ಕ್ ತರಿಸುತ್ತಿರುವುದು ನೀವು. ಐದು ಪೆಟ್ಟಿಗೆ ಇಟ್ಟುಕೊಂಡವನು ಎಲ್ಲಿಂದ ತರಬೇಕು? ನನ್ನ ಮನೆಯಲ್ಲಿ ಎಲ್ಲರಿಗೂ ಇರುವುದು ಬೈರಾಸು. ಇರುವುದರಲ್ಲಿ ಕಾಪಾಡಿಕೊಳ್ಳುವುದು ಹೇಳಿದರೆ ತಪ್ಪಾ?

ಲ್ಯಾಬ್ ಮೇಷ್ಟ್ರು:
ಸಾವಿರಾರು ಆಗುವುದು ಪೂರ್ತಿ ಮುಖದ ಮಾಸ್ಕಿಗೆ. ನಾನು ಹೇಳಿದ್ದು ಅರ್ಧಮುಖದ್ದು. ಐದು ಮನೆಯವರು ಸೇರಿ ಒಂದು ತಂದು ತೊಳೆದು ಬಳಸಬಹುದು.

ರಬ್ಬರ್ ತೋಟ:
ಐದು ಜನರ ಮುಖದ ಅಳತೆ ಒಂದೇನಾ? ಈಗ ತಾನೆ ಗಡ್ಡ ಇದ್ದರೂ ಸರಿಯಾಗಿ ಕೂರಲ್ಲ ಅಂದಿರಿ.

ಬಿಳಿ ಹೊಗೆ:
ಫಾರ್ಮಿಕ್ ಬಿಡಿ, ನುಸಿಗೆ ಆಕ್ಸಾಲಿಕ್ ಆಸಿಡ್ ಕಾಯಿಸಿ ಹೊಗೆ ಹಾಕಿ. ಅಮೆರಿಕದಲ್ಲಿ 2015ರಲ್ಲೇ ಒಪ್ಪಿಗೆ ಸಿಕ್ಕಿದೆ. ಬಾಗಿಲಲ್ಲಿ ಕೊಳವೆ ಇಟ್ಟು ದೂರ ನಿಂತರೆ ಸಾಕು.

ಲ್ಯಾಬ್ ಮೇಷ್ಟ್ರು:
"ದೂರ ನಿಂತರೆ ಸಾಕು" ಅಂತ ಅಲ್ಲಿನ ಲೇಬಲ್ಲೇ ಹೇಳುವುದಿಲ್ಲ. ಹೊಗೆ ಹಾಕುವಾಗ ರೆಸ್ಪಿರೇಟರ್ (ಉಸಿರಿನ ಗಾಳಿ ಸೋಸುವ ಮಾಸ್ಕ್) ಹಾಕಿಕೊಳ್ಳಿ ಅನ್ನುತ್ತದೆ. ಆ ಬಿಳಿ ಹೊಗೆ ತಣ್ಣಗಾಗುತ್ತಿದ್ದಂತೆ ಸಣ್ಣ ಹರಳಾಗುತ್ತದೆ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಜಾಸ್ತಿ ಕಾಯಿಸಿದರೆ ಒಡೆದು ಅದರಿಂದಲೂ ಫಾರ್ಮಿಕ್ ಬರುತ್ತದೆ. ಹಾಗಾಗಿ ಕಣದ ಫಿಲ್ಟರ್ ಮತ್ತು ಆಸಿಡ್ ಕಾರ್ಟ್ರಿಜ್ ಎರಡೂ ಬೇಕು.

ಬಿಳಿ ಹೊಗೆ:
ಹರಳು ಅಂದರೆ ಕಣ, ಕಣ ಅಂದರೆ ಎನ್95 ಸಾಕು. ನೀವೇ ಒಪ್ಪಿಕೊಂಡಿರಿ.

ಲ್ಯಾಬ್ ಮೇಷ್ಟ್ರು:
ನಾನು ಏನೂ ಒಪ್ಪಿಲ್ಲ. ಕೊನೆಯ ವಾಕ್ಯ ಓದಿ.

ನಲವತ್ತು ಪೆಟ್ಟಿಗೆ:
ದಯವಿಟ್ಟು ಜಗಳ ನಿಲ್ಲಿಸಿ. ನನಗೆ ನಾಳೆ ಬೆಳಿಗ್ಗೆ ಕೆಲಸ ಇದೆ. ಗೆಳೆಯನ ಹತ್ತಿರ ಪೇಂಟ್ ಮಾಡುವವರ ಮಾಸ್ಕ್ ಇದೆ, ಕಾರ್ಟ್ರಿಜ್ ಮೇಲೆ ಕಂದು ಪಟ್ಟಿ. ಅದಾಗುತ್ತದಾ? ತಮ್ಮನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಕೋಲಾರದ ಜೇನು:
ಕಂದು ಪಟ್ಟಿ ಪೇಂಟ್, ತಿನ್ನರ್ ಆವಿಗೆ. ಆಸಿಡ್‌ಗೆ ಆಗಲ್ಲ. ಯುರೋಪಿನ ಗುರುತು ಇರುವುದಾದರೆ ಎ-ಬಿ-ಇ-ಕೆ ಅಂತ ನಾಲ್ಕೂ ಅಕ್ಷರ ಇರುವುದು ತಗೊಳ್ಳಿ, ಒಂದೊಂದು ಅಕ್ಷರ ಒಂದೊಂದು ಬಗೆಯ ಆವಿಗೆ. ಬಲೆ ದೊಡ್ಡದಿದ್ದರೆ ಒಳಗೆ ಕೂರುತ್ತದೆ, ನಾನು ಹಾಗೇ ಮಾಡುವುದು. ಮೊದಲು ಮಾಸ್ಕ್, ಮೇಲೆ ಟೋಪಿ. ಎರಡೂ ಅಂಗೈಯಿಂದ ಕಾರ್ಟ್ರಿಜ್ ಮುಚ್ಚಿ ಉಸಿರು ಎಳೆಯಿರಿ, ಮಾಸ್ಕ್ ಮುಖಕ್ಕೆ ಅಂಟಿಕೊಳ್ಳಬೇಕು. ಇನ್ನೊಂದು, ಬಿಸಿಲೇರಿದ ಮೇಲೆ ಇಡಬೇಡಿ. ಪೆಟ್ಟಿಗೆಯೊಳಗೆ ಇಡುವ ಹೊರದೇಶದ ರೆಡಿ ಫಾರ್ಮಿಕ್ ಪಟ್ಟಿಗಳ ಮೇಲೆ 29.5 ಡಿಗ್ರಿ ಮಿತಿ ಬರೆದಿರುತ್ತದೆ. ನಮ್ಮಲ್ಲಿ ಹತ್ತು ಗಂಟೆಗೇ ಅದು ದಾಟುತ್ತದೆ.

ರಬ್ಬರ್ ತೋಟ:
ಹತ್ತು ಗಂಟೆಗೇ 29.5 ಎಲ್ಲಿ ದಾಟುತ್ತದೆ? ಕೋಲಾರದಲ್ಲಿರಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಬಂದು ನೋಡಿ.

ತುಡುವೆ ಮನೆ:
ತಮ್ಮನನ್ನು ಕರೆಯಲೇಬೇಡಿ. ನನ್ನ ಅಕ್ಕನಿಗೂ ಉಬ್ಬಸ ಇದೆ. ಅಡುಗೆಮನೆ ಘಾಟಿಗೇ ಅವಳ ಎದೆ ಬಿಗಿಯುತ್ತದೆ, ಇನ್ನು ಆಸಿಡ್ ಆವಿ ಅಂದರೆ ಕೇಳಬೇಕಾ? ಬಿಗಿ ಮಾಸ್ಕಿನಲ್ಲಿ ಉಸಿರು ಎಳೆಯುವುದೂ ಅಂಥವರಿಗೆ ಕಷ್ಟ. ಅವನು ದೂರದಲ್ಲಿ ಚೌಕಟ್ಟು ತೊಳೆಯಲಿ.

ರಬ್ಬರ್ ತೋಟ:
ಉಬ್ಬಸ ಇದ್ದವರ ವಿಷಯ ಬೇರೆ, ನಾನು ಅವರಿಗೆ ಹೇಳಿದ್ದಲ್ಲ. ಗಟ್ಟಿಮುಟ್ಟಾಗಿರುವವರಿಗೆ ಒದ್ದೆ ಬೈರಾಸು ಯಾಕೆ ಆಗಲ್ಲ, ಅದನ್ನು ಹೇಳಿ. ನೀರಿನಲ್ಲಿ ಕರಗುವುದು ಸುಳ್ಳಾ?

ಲ್ಯಾಬ್ ಮೇಷ್ಟ್ರು:
ಕರಗುವುದು ಸುಳ್ಳು ಅಂತ ನಾನು ಹೇಳಿದ್ದು ಎಲ್ಲಿ? ತೋರಿಸಿ.