‘ಸಮೀಪದೃಷ್ಟಿ ದೋಷ’ ಎಂದರೆ ಯಾವುದು ಕಾಣದ ದೋಷ? ಮಕ್ಕಳ ಮಯೋಪಿಯಾ ಸಂಶೋಧನೆಯ ಕೆಲವು ಪದಗಳು

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಮಕ್ಕಳ ಕಣ್ಣಿನ ಸಂಶೋಧನೆಯೊಂದಕ್ಕೆ ಬೇಕಾದ ಮಾಹಿತಿ ಹಾಳೆಯನ್ನೂ ಒಪ್ಪಿಗೆ ಪತ್ರವನ್ನೂ ಕನ್ನಡಕ್ಕೆ ತರುವ ಕೆಲಸದಲ್ಲಿ ಕೆಲವು ತಿಂಗಳಿಂದ ತೊಡಗಿದ್ದೇನೆ. ಮಯೋಪಿಯಾ ಇರುವ, ಅಂದರೆ ದೂರದ ವಸ್ತುಗಳು ಮಸುಕಾಗಿ ಕಾಣುವ ಮಕ್ಕಳಿಗೆ ಅಟ್ರೊಪಿನ್ ಎಂಬ ಔಷಧದ ಬಹಳ ತೆಳುವಾದ ಹನಿಯನ್ನು ರಾತ್ರಿ ಮಲಗುವ ಮುನ್ನ ಹಾಕಿದರೆ ತೊಂದರೆ ಬೆಳೆಯುವುದು ನಿಧಾನವಾಗುತ್ತದೆಯೇ ಎಂಬುದು ಸಂಶೋಧನೆಯ ವಿಷಯ. ಮೊದಲ ಕರಡಿನಲ್ಲಿ ನಾನು ನಮ್ಮ ಶಾಲಾ ಪಠ್ಯಪುಸ್ತಕಗಳ ಪದವನ್ನೇ ನೆಚ್ಚಿಕೊಂಡು ‘ಸಮೀಪದೃಷ್ಟಿ ದೋಷ’ ಎಂದು ಬರೆದಿದ್ದೆ. ಅದನ್ನು ತುಮಕೂರಿನ ಒಂದು ಶಾಲೆಯಲ್ಲಿ ಕೆಲವು ತಾಯಂದಿರಿಗೆ ಓದಿ ಹೇಳಿದಾಗ ಒಬ್ಬರು ಹಾಳೆಯನ್ನು ನನ್ನ ಕೈಗೆ ಹಿಂದಿರುಗಿಸಿ, “ನಮ್ಮ ಹುಡುಗಿಗೆ ಹತ್ತಿರದ್ದೆಲ್ಲ ಚೆನ್ನಾಗೇ ಕಾಣುತ್ತೆ ಮೇಡಂ, ಬೋರ್ಡ್ ಮೇಲೆ ಬರೆದದ್ದೇ ಕಾಣಿಸೋದಿಲ್ಲ ಅಷ್ಟೆ. ಇದು ನಮಗಲ್ಲ ಬಿಡಿ” ಎಂದರು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಮೈನಸ್ ಎರಡರ ಕನ್ನಡಕ ಹಾಕಿಕೊಂಡಿದ್ದಳು. ಸಂಶೋಧನೆ ಹುಡುಕುತ್ತಿದ್ದುದು ಅವಳಂಥ ಮಕ್ಕಳನ್ನೇ. ಆ ತಾಯಿ ನನ್ನ ಕನ್ನಡವನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತಿದೆ.

‘ಸಮೀಪದೃಷ್ಟಿ’ ಎಂಬುದು ಒಂಟಿಯಾಗಿ ನಿಂತಾಗ ‘ಹತ್ತಿರದ್ದನ್ನು ಮಾತ್ರ ಕಾಣುವ ನೋಟ’ ಎಂಬ ಅರ್ಥವನ್ನು ಹೇಗೋ ಹೊರಬಲ್ಲದು. ಅಲ್ಲಿ ಕಾಯಿಲೆಗೆ ಹೆಸರು ಬಂದಿರುವುದು ಕಳೆದುಹೋದದ್ದರಿಂದಲ್ಲ, ಉಳಿದುಕೊಂಡದ್ದರಿಂದ. ಆದರೆ ಅದರ ಮುಂದೆ ‘ದೋಷ’ ಸೇರಿದ ಕೂಡಲೇ ಸಮಾಸದ ದಿಕ್ಕು ಬದಲಾಗುತ್ತದೆ. ಶ್ರವಣದೋಷ ಎಂದರೆ ಕೇಳಿಸುವುದರಲ್ಲಿನ ಕೊರತೆ, ಉಚ್ಚಾರದೋಷ ಎಂದರೆ ಉಚ್ಚಾರದಲ್ಲಿನ ತಪ್ಪು. ಅದೇ ಜಾಡಿನಲ್ಲಿ ಓದುವವರಿಗೆ ಸಮೀಪದೃಷ್ಟಿ ದೋಷವು ‘ಸಮೀಪದ ದೃಷ್ಟಿಯಲ್ಲಿನ ದೋಷ’ ಎಂದೇ ತೋರಬೇಕು. ಪದ ಕಟ್ಟಿದವರು ‘ಸಮೀಪದೃಷ್ಟಿ ಎಂಬ ದೋಷ’ ಎಂದು ಕರ್ಮಧಾರಯವಾಗಿ ಭಾವಿಸಿದ್ದಿರಬಹುದು, ಓದುವವರು ಅದನ್ನು ತತ್ಪುರುಷವಾಗಿ ಬಿಡಿಸುತ್ತಾರೆ, ಹಾಗೆ ಬಿಡಿಸಿದಾಗ ಹೊರಡುವ ಅರ್ಥ ರೋಗಕ್ಕೆ ನೇರವಾಗಿ ವಿರುದ್ಧವಾದದ್ದು. ಹತ್ತನೆಯ ತರಗತಿಯ ವಿದ್ಯಾರ್ಥಿ ಪರೀಕ್ಷೆಗಾಗಿ ಇದನ್ನು ಕಂಠಪಾಠ ಮಾಡಿ ದಾಟಿಕೊಳ್ಳುತ್ತಾನೆ, ಆದರೆ ಒಪ್ಪಿಗೆ ಪತ್ರ ಓದುವ ತಾಯಿಗೆ ಆ ಕಂಠಪಾಠದ ಆಸರೆ ಇಲ್ಲ.

ಹತ್ತಿರದ್ದು ಮಸುಕಾಗುವ ತೊಂದರೆಗೆ ಇಟ್ಟ, ಇದರ ಜೋಡಿಪದವಾದ ‘ದೂರದೃಷ್ಟಿ’ಯ ಕಷ್ಟ ಬೇರೆ ಬಗೆಯದು. ದೂರದೃಷ್ಟಿಯುಳ್ಳ ಆಡಳಿತಗಾರ ಎಂದರೆ ಕನ್ನಡದಲ್ಲಿ ಹೊಗಳಿಕೆ. ‘ದೃಷ್ಟಿದೋಷ’ ಎಂಬ ಸಾಮಾನ್ಯ ಪದವಂತೂ ನಮ್ಮ ಮನೆಗಳಲ್ಲಿ ಬೇರೆಯೇ ಅರ್ಥದಲ್ಲಿ ಬಳಕೆಯಲ್ಲಿದೆ. ಮಗುವಿಗೆ ದೃಷ್ಟಿಯಾಗಿದೆ ಎಂದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ತೆಗೆಯುವ ದೃಷ್ಟಿ ನೆನಪಾಗುತ್ತದೆಯೇ ಹೊರತು ಕನ್ನಡಕ ನೆನಪಾಗುವುದಿಲ್ಲ. ಮಗುವಿನ ವಿಷಯದಲ್ಲಿ ತಾಯಿಯ ಮುಂದೆ ‘ದೋಷ’ ಎಂಬ ಮಾತನ್ನು ಆಡುವುದೇ ಬೇಡ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ.

ನೆರೆಯ ಭಾಷೆಗಳು ಏನು ಮಾಡಿವೆ ಎಂದು ನೋಡಿದೆ. ತೆಲುಗು ಮತ್ತು ಮಲಯಾಳಂಗಳಲ್ಲಿ ‘ಹ್ರಸ್ವದೃಷ್ಟಿ’, ‘ದೀರ್ಘದೃಷ್ಟಿ’ ಎಂಬ ಜೋಡಿ ಇದೆ. ನೋಟ ಗಿಡ್ಡವಾಗಿದೆ, ದೂರ ಮುಟ್ಟುವುದಿಲ್ಲ ಎಂಬ ಚಿತ್ರ ಅದರಲ್ಲಿ ಸಿಗುವುದರಿಂದ ನಮ್ಮ ಪದಕ್ಕಿಂತ ಅದು ವಾಸಿ ಎಂದೇ ನನ್ನ ಅಭಿಪ್ರಾಯ. ತಮಿಳಿನ ‘ಕಿಟ್ಟಪ್ಪಾರ್ವೈ’ ನಮ್ಮದರಂತೆಯೇ ಹತ್ತಿರದ ನೋಟದಿಂದ ಹೆಸರು ಪಡೆದಿದೆ. ಗ್ರೀಕ್ ಮೂಲದ ‘ಮಯೋಪಿಯಾ’ ಹತ್ತಿರವನ್ನೂ ದೂರವನ್ನೂ ಹೇಳುವುದಿಲ್ಲ. ಕಣ್ಣು ಮುಚ್ಚುವುದು ಎಂಬ ಕ್ರಿಯಾಪದದಿಂದ ಅದು ಬಂದಿದೆ. ದೂರದ್ದನ್ನು ನೋಡಲು ರೆಪ್ಪೆಗಳನ್ನು ಕಿರಿದು ಮಾಡುವ ಅಭ್ಯಾಸವನ್ನು ಗಮನಿಸಿದವರು ಇಟ್ಟ ಹೆಸರು ಅದು. ಹಾಗೆ ಕಿರಿದು ಮಾಡಿದಾಗ ಅಂಚಿನ ಕಿರಣಗಳು ತಡೆಯಲ್ಪಟ್ಟು ಮಸುಕು ಸ್ವಲ್ಪ ಕಡಿಮೆಯಾಗುತ್ತದೆ. ಕಣ್ಣನ್ನು ಕಿರಿದು ಮಾಡಿ ಟಿ.ವಿ. ನೋಡುವ ಮಗುವಿನಲ್ಲಿ ನಮ್ಮ ಅಜ್ಜಿಯರೂ ಇದನ್ನು ಗುರುತಿಸುತ್ತಿದ್ದರು.

ಇನ್ನು ಜನರ ಬಾಯಲ್ಲಿ ಇರುವ ಮಾತುಗಳು. ಬೆಂಗಳೂರು, ಮೈಸೂರುಗಳ ಕಡೆ ‘ಸೈಟ್ ಇದೆ’, ‘ಮೈನಸ್ ಪವರ್ ಬಂದಿದೆ’ ಎನ್ನುತ್ತಾರೆ. ‘ನಂಬರ್ ಬಂದಿದೆ’ ಎನ್ನುವವರೂ ಇದ್ದಾರೆ. ‘ಚಾಳೀಸು’ ನಲವತ್ತು ಎಂಬ ಹಿಂದಿ-ಮರಾಠಿ ಎಣಿಕೆಯಿಂದ ಬಂದು, ನಲವತ್ತರ ನಂತರ ಹತ್ತಿರದ ಅಕ್ಷರ ಕಾಣದಾಗುವುದಕ್ಕೆ ಸಲ್ಲುವ ಮಾತಾದ್ದರಿಂದ ಇಲ್ಲಿ ಬಾರದು. ಇವುಗಳಲ್ಲಿ ‘ಪವರ್’ ಎಲ್ಲರಿಗೂ ತಿಳಿದಿದೆ, ಆದರೆ ಸಂಶೋಧನೆಯ ಫಲಿತಾಂಶವನ್ನು ಹೇಳಹೊರಟಾಗ ಅದೇ ಪದ ಕಾಲಿಗೆ ತೊಡರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2006ರಲ್ಲಿ ಪ್ರಕಟವಾದ ಸಿಂಗಪುರದ ‘ಆಟಮ್’ ಎಂಬ ಅಟ್ರೊಪಿನ್ ಪ್ರಯೋಗದಲ್ಲಿ 6ರಿಂದ 12 ವರ್ಷದ 400 ಮಕ್ಕಳಿದ್ದರು. ಒಂದು ಗುಂಪಿಗೆ ಶೇಕಡಾ 1ರ ಅಟ್ರೊಪಿನ್ ಹನಿಯನ್ನು ಒಂದೇ ಕಣ್ಣಿಗೆ ಹಾಕಲಾಯಿತು. ಎರಡು ವರ್ಷದ ಕೊನೆಗೆ ಔಷಧವಿಲ್ಲದ ಹನಿ ಪಡೆದ ಕಣ್ಣುಗಳಲ್ಲಿ ಮೈನಸ್ ಸರಾಸರಿ 1.20 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನ) ಏರಿತ್ತು, ಔಷಧ ಪಡೆದವುಗಳಲ್ಲಿ 0.28 ಮಾತ್ರ. ಇದನ್ನು ನಾನು ಮೊದಲು ‘ಔಷಧವು ಕಣ್ಣಿನ ಪವರನ್ನು ಕಡಿಮೆ ಮಾಡುತ್ತದೆ’ ಎಂದು ಬರೆದೆ. ಅದು ತಪ್ಪು, ಅಪಾಯಕರವಾದ ತಪ್ಪು. ಇದ್ದ ಮೈನಸ್ ಇಳಿಯುವುದಿಲ್ಲ. ಏರುವ ವೇಗ ತಗ್ಗುತ್ತದೆ. ಕನ್ನಡಕ ಬಿಟ್ಟುಹೋಗುತ್ತದೆಂದು ನಂಬಿ ಮಗುವನ್ನು ಸೇರಿಸಿದ ತಂದೆತಾಯಿಗೆ ಎರಡು ವರ್ಷದ ನಂತರ ಏನು ಹೇಳುವುದು? ‘ಗುಣಪಡಿಸು’, ‘ವಾಸಿಮಾಡು’ ಎಂಬ ಕ್ರಿಯಾಪದಗಳನ್ನು ಹಾಳೆಯಿಂದ ಪೂರ್ತಿಯಾಗಿ ತೆಗೆದುಹಾಕಿದ್ದೇನೆ. ‘ನಿಯಂತ್ರಣ’ವನ್ನೂ ತೆಗೆದೆ, ಏಕೆಂದರೆ ಸಕ್ಕರೆ ಕಾಯಿಲೆ ನಿಯಂತ್ರಣಕ್ಕೆ ಬಂತು ಎಂದರೆ ಅಂಕಿ ಕೆಳಗಿಳಿಯಿತು ಎಂದೇ ನಮ್ಮವರ ಅರ್ಥ. ಈಗ ‘ಮೈನಸ್ ಏರುವುದು ನಿಧಾನವಾಗುತ್ತದೆ’ ಎಂದಿಟ್ಟಿದ್ದೇನೆ. ಏರಿಕೆ ಎಂಬುದು ಬೆಲೆಯೇರಿಕೆಯಿಂದ ಎಲ್ಲರಿಗೂ ಪರಿಚಿತವಾದದ್ದು, ನಿಧಾನವಾದ ಏರಿಕೆಯೂ ಏರಿಕೆಯೇ ಎಂಬುದು ಅದರಿಂದ ತಪ್ಪದೆ ತಿಳಿಯುತ್ತದೆ.

ಔಷಧ ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂಬುದಕ್ಕೂ ಪದ ಬೇಕಾಗಿದೆ. 2012ರಲ್ಲಿ ಎರಡು ವರ್ಷದ ಫಲಿತಾಂಶ ಹೊರಬಂದ ಎರಡನೆಯ ಆಟಮ್ ಪ್ರಯೋಗದಲ್ಲಿ ಶೇಕಡಾ 0.5, 0.1 ಮತ್ತು 0.01ರ ಹನಿಗಳನ್ನು ಹೋಲಿಸಿ, ನಂತರ ಒಂದು ವರ್ಷ ಹನಿ ನಿಲ್ಲಿಸಲಾಯಿತು. ಆ ಒಂದು ವರ್ಷದಲ್ಲಿ ಗಾಢವಾದ 0.5ರ ಗುಂಪಿನಲ್ಲಿ ಮೈನಸ್ 0.87ರಷ್ಟು ಮೇಲೇರಿತು, 0.01ರ ಗುಂಪಿನಲ್ಲಿ 0.28ರಷ್ಟು. ತಡೆಹಿಡಿದದ್ದು ತಡೆ ತೆಗೆದೊಡನೆ ನುಗ್ಗುವ ಈ ವಿದ್ಯಮಾನಕ್ಕೆ ‘ಮರುಕಳಿಕೆ’ ಎಂದು ಬರೆದವರಿದ್ದಾರೆ. ಮರುಕಳಿಸುವುದು ವಾಸಿಯಾಗಿ ಹೋದ ಕಾಯಿಲೆ, ಇಲ್ಲಿ ಅದು ಹೋಗಿಯೇ ಇರಲಿಲ್ಲ. ‘ಮರುಜಿಗಿತ’ ಎಂಬುದು ನನಗೆ ತೋಚಿದ ಪದ. ಚೆಂಡನ್ನು ನೀರಿನಲ್ಲಿ ಒತ್ತಿ ಹಿಡಿದು ಕೈಬಿಟ್ಟಾಗ ಆಗುವುದು ಅದೇ. ಬಳಗದವರು ಇದಕ್ಕಿಂತ ಒಳ್ಳೆಯದನ್ನು ಕೊಟ್ಟರೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಔಷಧದ ಅಡ್ಡಪರಿಣಾಮಗಳ ಭಾಗಕ್ಕೆ ಬಂದಾಗ ನಾನು ಆರಂಭದಲ್ಲಿ ಹೇಳಿದ ಗೊಂದಲ ಇನ್ನಷ್ಟು ಗಟ್ಟಿಯಾಗಿ ಎದುರು ನಿಂತಿತು. ಅಟ್ರೊಪಿನ್ ಕಣ್ಣಿನ ಪಾಪೆಯನ್ನು ಅರಳಿಸುತ್ತದೆ, ಹತ್ತಿರದ್ದನ್ನು ನೋಡಲು ಕಣ್ಣು ಹೊಂದಿಕೊಳ್ಳುವ ಶಕ್ತಿಯನ್ನೂ ತಾತ್ಕಾಲಿಕವಾಗಿ ತಗ್ಗಿಸುತ್ತದೆ. ಆದ್ದರಿಂದ ಗಾಢವಾದ ಹನಿ ಪಡೆದ ಮಗುವಿಗೆ ಬಿಸಿಲು ಚುಚ್ಚುತ್ತದೆ, ಪುಸ್ತಕದ ಅಕ್ಷರ ಮಸುಕಾಗುತ್ತದೆ. ರೋಗವನ್ನು ‘ಸಮೀಪದೃಷ್ಟಿ ದೋಷ’ ಎಂದು ಕರೆದ ಹಾಳೆಯೇ ಎರಡನೆಯ ಪುಟದಲ್ಲಿ ‘ಈ ಔಷಧದಿಂದ ಸಮೀಪದ ದೃಷ್ಟಿ ಮಸುಕಾಗಬಹುದು’ ಎಂದರೆ, ಓದುವವರು ಔಷಧವು ರೋಗವನ್ನೇ ತರುತ್ತದೆ ಎಂದು ತಿಳಿಯುವುದಿಲ್ಲವೇ? ಪಾಪೆಯ ಬಗ್ಗೆ ಒಂದು ಮಾತು: ನನಗೆ ಮೊದಲು ಕೊಟ್ಟ ಮಾದರಿಯಲ್ಲಿ ‘ಕನೀನಿಕೆಯ ವಿಸ್ತರಣೆ’ ಎಂದಿತ್ತು. ಪಾಪೆ ಎಂದರೆ ಗೊಂಬೆಯೂ ಹೌದು, ಎದುರಿನವರ ಕಣ್ಣಲ್ಲಿ ನಮ್ಮದೇ ಪುಟ್ಟ ರೂಪ ಕಾಣುವುದರಿಂದ ಬಂದ ಹೆಸರು ಅದು. ಲ್ಯಾಟಿನ್ನಿನಲ್ಲೂ ಕಣ್ಣಿನ ಆ ಭಾಗಕ್ಕೆ ಪುಟ್ಟ ಗೊಂಬೆ ಎಂಬ ಅರ್ಥದ ಹೆಸರೇ ಇದೆ. ಇಷ್ಟು ಚೆಂದದ ಪದ ಮನೆಯಲ್ಲಿರುವಾಗ ‘ಕನೀನಿಕೆ’ಯನ್ನು ಪೋಷಕರ ಮುಂದಿಡಲು ನನಗೆ ಮನಸ್ಸಾಗಲಿಲ್ಲ. ‘ಪಾಪೆ ಅರಳುತ್ತದೆ’ ಎಂದು ಬದಲಾಯಿಸಿದ್ದೇನೆ.

‘ನೇತ್ರಬಿಂದು’ ಎಂಬುದನ್ನೂ ಕೈಬಿಟ್ಟೆ. ಶೇಕಡಾ ‘ಸೊನ್ನೆ ಬಿಂದು ಸೊನ್ನೆ ಒಂದರ ನೇತ್ರಬಿಂದು’ ಎಂದು ಜೋರಾಗಿ ಓದಿದಾಗ ಕೇಳುವವರು ಎರಡು ಬಿಂದುಗಳ ನಡುವೆ ದಾರಿ ತಪ್ಪುತ್ತಾರೆ. ಹನಿ ಹನಿಯಾಗಿರಲಿ. ಪ್ರಮಾಣ ಇಲ್ಲಿ ಎಷ್ಟು ಮುಖ್ಯವೆಂದರೆ, ಹಾಂಗ್‌ಕಾಂಗಿನ ‘ಲ್ಯಾಂಪ್’ ಎಂಬ ಅಟ್ರೊಪಿನ್ ಪ್ರಯೋಗದಲ್ಲಿ 438 ಮಕ್ಕಳನ್ನು ನಾಲ್ಕು ಗುಂಪು ಮಾಡಿ ನೋಡಿದಾಗ ಒಂದು ವರ್ಷದ ಏರಿಕೆ 0.05ರ ಹನಿಯಲ್ಲಿ 0.27, 0.025ರಲ್ಲಿ 0.46, 0.01ರಲ್ಲಿ 0.59, ಔಷಧವಿಲ್ಲದ ಹನಿಯಲ್ಲಿ 0.81 ಡಯಾಪ್ಟರ್ ಆಗಿತ್ತು. ಅಮೆರಿಕದಲ್ಲಿ 187 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 0.01ರ ಹನಿಯಿಂದ ಪ್ರಯೋಜನ ಕಾಣಲಿಲ್ಲ. ಓದುವಾಗ ಒಂದು ಸೊನ್ನೆ ಅತ್ತಿತ್ತ ಸರಿದರೂ ಅರ್ಥ ಕೆಡುವುದರಿಂದ, ಅಂಕಿಯ ಜೊತೆಗೆ ‘ತೆಳು’, ‘ಗಾಢ’ ಎಂಬ ಮಾತುಗಳನ್ನೂ ಸೇರಿಸಿದ್ದೇನೆ.

‘ಔಷಧವಿಲ್ಲದ ಹನಿ’ ಎಂದು ನಾನು ಮೇಲೆ ಬಳಸಿದ್ದು ಪ್ಲಸೀಬೊಗೆ. ‘ಹುಸಿಮದ್ದು’ ಚಿಕ್ಕದು, ಚೊಕ್ಕದು, ಲೇಖನಗಳಲ್ಲಿ ನಾನೂ ಬಳಸುತ್ತೇನೆ. ಆದರೆ ‘ನಿಮ್ಮ ಮಗುವಿಗೆ ಹುಸಿಮದ್ದು ಸಿಗಬಹುದು’ ಎಂದು ಆಸ್ಪತ್ರೆಯ ಹಾಳೆಯಲ್ಲಿ ಬರೆದರೆ ಅದು ಮೋಸದ ವಾಸನೆ ಹೊಡೆಯುತ್ತದೆ. ಹಾಗೆಯೇ ಯಾವ ಮಗುವಿಗೆ ಯಾವ ಹನಿ ಎಂಬುದನ್ನು ಯಾರೂ ಆರಿಸದೆ ಅದೃಷ್ಟಕ್ಕೆ ಬಿಡುವ, ಸಂಖ್ಯಾಶಾಸ್ತ್ರದ ‘ಯಾದೃಚ್ಛಿಕ ಹಂಚಿಕೆ’ಯ ಬದಲು ‘ಚೀಟಿ ಎತ್ತಿದ ಹಾಗೆ’ ಎಂದಾಗ ತಾಯಂದಿರು ಒಮ್ಮೆಲೇ ತಲೆದೂಗಿದರು.

ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಅತಿಯಾಗಿ ಉದ್ದವಾಗುವುದೇ ಮಕ್ಕಳ ಮಯೋಪಿಯಾದ ಮುಖ್ಯ ಕಾರಣ. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಇರುವ ಆ ಉದ್ದ ದೊಡ್ಡವರಲ್ಲಿ ಸುಮಾರು 24ಕ್ಕೆ ನಿಲ್ಲಬೇಕು. ಇದಕ್ಕೆ ‘ಅಕ್ಷೀಯ ಉದ್ದ’ ಎಂಬ ಅನುವಾದ ಓಡಾಡುತ್ತಿದೆ. ಅಕ್ಷ ಎಂದರೆ ನಡುಗೆರೆ, ಅಕ್ಷಿ ಎಂದರೆ ಕಣ್ಣು; ಇದನ್ನು ‘ಕಣ್ಣಿನ ಉದ್ದ’ ಎಂದು ಓದುವವರಿಗೆ ನೀಳಗಣ್ಣಿನ ಚೆಲುವೆ ನೆನಪಾದರೆ ಅಚ್ಚರಿಯಿಲ್ಲ. ಕಮಲಾಕ್ಷ, ಗವಾಕ್ಷಗಳಲ್ಲಿ ಅಕ್ಷವೇ ಕಣ್ಣೂ ಆಗಿರುವುದರಿಂದ ಗೊಂದಲಕ್ಕೆ ಸಂಸ್ಕೃತವೇ ದಾರಿ ಮಾಡಿಕೊಟ್ಟಿದೆ. ‘ಕಣ್ಣುಗುಡ್ಡೆಯ ಹಿಂದುಮುಂದಿನ ಉದ್ದ’ ಎಂಬುದು ನನ್ನ ಈಗಿನ ಆಯ್ಕೆ.

ಇತ್ತೀಚೆಗೆ ಬಂದ ಮತ್ತೊಂದು ಪರಿಕಲ್ಪನೆಗೆ ಪದವೇ ಇಲ್ಲ. ಮೈನಸ್ 0.50 ಮುಟ್ಟಿದರೆ ಮಯೋಪಿಯಾ ಎಂಬುದು ಒಪ್ಪಿತವಾದ ಗಡಿ. ಅದನ್ನು ಇನ್ನೂ ಮುಟ್ಟಿರದ, ಆದರೆ ವಯಸ್ಸು ಮತ್ತಿತರ ಲಕ್ಷಣಗಳಿಂದ ಆ ಕಡೆಗೇ ಸಾಗುತ್ತಿರುವಂತೆ ತೋರುವ ಮಕ್ಕಳ ಸ್ಥಿತಿಯನ್ನು ಈಗ ಪ್ರತ್ಯೇಕವಾಗಿ ಗುರುತಿಸುತ್ತಾರೆ. ಮಯೋಪಿಯಾ ಇಲ್ಲದ 4ರಿಂದ 9 ವರ್ಷದ 474 ಮಕ್ಕಳ ಮೇಲೆ ಹಾಂಗ್‌ಕಾಂಗಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷದೊಳಗೆ ಮಯೋಪಿಯಾ ಬಂದವರು 0.05ರ ಗುಂಪಿನಲ್ಲಿ ಶೇಕಡಾ 28.4, ಔಷಧವಿಲ್ಲದ ಹನಿಯ ಗುಂಪಿನಲ್ಲಿ ಶೇಕಡಾ 53. ‘ಪೂರ್ವಮಯೋಪಿಯಾ’ ಎಂದರೆ ಪೂರ್ವಜನ್ಮದ ಹಾಗೆ ‘ಹಿಂದೆ ಇದ್ದದ್ದು’ ಎಂದಾಗುತ್ತದೆ. ‘ಮಯೋಪಿಯಾಪೂರ್ವ ಸ್ಥಿತಿ’ ವ್ಯಾಕರಣಕ್ಕೆ ಸರಿ, ಬಾಯಿಗೆ ಭಾರ. ‘ಮಯೋಪಿಯಾದ ಹೊಸ್ತಿಲು’ ಎನ್ನಬಹುದೇ? ಹೊಸ್ತಿಲಲ್ಲಿ ನಿಂತವರು ಒಳಗೆ ಹೋಗಲೂಬಹುದು, ಹಿಂದಿರುಗಲೂಬಹುದು ಎಂಬ ಧ್ವನಿ ನನಗೆ ಹಿಡಿಸಿದೆ.

ಇದೇ ಹಾಳೆಯಲ್ಲಿ ‘ಹೊರಾಂಗಣ ಚಟುವಟಿಕೆ’ ಎಂದಿದ್ದುದನ್ನು ಓದಿದ ಒಬ್ಬ ತಂದೆ, ಮಗಳನ್ನು ಕ್ರಿಕೆಟ್ ತರಬೇತಿಗೆ ಸೇರಿಸಬೇಕೇ ಎಂದು ಕೇಳಿದರು. ಗುವಾಂಗ್‌ಝೌನ 12 ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊತ್ತು ಮಕ್ಕಳನ್ನು ಹೊರಗೆ ಕಳಿಸುವ ಪ್ರಯೋಗ ಮಾಡಿದಾಗ, ಮೂರು ವರ್ಷದಲ್ಲಿ ಹಾಗೆ ಕಳಿಸಿದ ಶಾಲೆಗಳಲ್ಲಿ ಶೇಕಡಾ 30.4 ಮಕ್ಕಳಿಗೂ ಉಳಿದ ಶಾಲೆಗಳಲ್ಲಿ ಶೇಕಡಾ 39.5 ಮಕ್ಕಳಿಗೂ ಮಯೋಪಿಯಾ ಬಂತು ಎಂದು 2015ರಲ್ಲಿ ವರದಿಯಾಯಿತು. ಅಲ್ಲಿ ಬೆಳಕಿನ ಪಾತ್ರವೇ ದೊಡ್ಡದೆಂದು ಸಂಶೋಧಕರು ಭಾವಿಸುತ್ತಾರೆ. ‘ಬಯಲಿನ ಬೆಳಕಿನಲ್ಲಿರುವುದು’ ಎಂದು ತಿದ್ದಿದ್ದೇನೆ.

ರೋಗದ ಹೆಸರಿಗೆ ಸದ್ಯಕ್ಕೆ ನಾನು ಮಾಡಿರುವುದು ಇಷ್ಟು: ಮೊದಲ ಸಲ ‘ಮಯೋಪಿಯಾ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ’, ಅಲ್ಲಿಂದ ಮುಂದೆ ಬರಿಯ ‘ಮಯೋಪಿಯಾ’. ‘ದೂರಮಬ್ಬು’ ಎಂಬ ಪದವನ್ನೂ ಕಟ್ಟಿ ನೋಡಿದೆ; ಕೇಳಿದವರಿಗೆ ತಕ್ಷಣ ಅರ್ಥವಾಯಿತು, ಆದರೆ ವೈದ್ಯರು ಬಾಯಲ್ಲಿ ಮಯೋಪಿಯಾ ಎಂದು, ಹಾಳೆ ದೂರಮಬ್ಬು ಎಂದು ಹೇಳಿದರೆ ಎರಡು ಕಾಯಿಲೆಗಳೆಂದು ತಿಳಿಯುವ ಭಯವಿದೆ. ಕರಾವಳಿಯಲ್ಲೂ ಕಲ್ಯಾಣ ಕರ್ನಾಟಕದಲ್ಲೂ ಮನೆಮಾತಿನಲ್ಲಿ ಇದಕ್ಕೊಂದು ಹೆಸರಿದ್ದರೆ ದಯವಿಟ್ಟು ತಿಳಿಸಬೇಕು. ಹಾಗೆಯೇ ‘ಹ್ರಸ್ವದೃಷ್ಟಿ’ಯನ್ನು ಕನ್ನಡದ ಹಳೆಯ ವೈದ್ಯಕೀಯ ಅಥವಾ ವಿಜ್ಞಾನ ಬರಹಗಳಲ್ಲಿ ಕಂಡವರಿದ್ದರೆ ಎಲ್ಲಿ, ಯಾವ ಅರ್ಥದಲ್ಲಿ ಎಂದು ಬರೆಯಬೇಕು.

ಕೊನೆಯದಾಗಿ, ಮಗುವಿಗೇ ಓದಿ ಹೇಳುವ ಅರ್ಧ ಪುಟ ಇನ್ನೂ ಬಾಕಿಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಕ್ಕಳಿಂದ ಪೋಷಕರ ಸಮ್ಮುಖದಲ್ಲಿ ಬಾಯಿಮಾತಿನ ಸಮ್ಮತಿಯನ್ನು ಪಡೆಯಬೇಕು. ಪೋಷಕರು ಕೊಡುವುದು ಇದಕ್ಕಿಂತ ಬೇರೆಯಾದ, ಸಹಿ ಹಾಕಿದ ಒಪ್ಪಿಗೆ. ಇವೆರಡಕ್ಕೂ ‘ಒಪ್ಪಿಗೆ’ ಎಂದೇ ಬರೆಯುವ ರೂಢಿ ಇದೆ. ಪೋಷಕರದ್ದು ‘ಒಪ್ಪಿಗೆ’, ಮಗುವಿನದು ‘ಸಮ್ಮತಿ’ ಎಂದು ಬೇರ್ಪಡಿಸಿದ್ದೇನೆ, ಆದರೆ ಏಳು ವರ್ಷದ ಮಗುವಿನ ಎದುರು ಕೂತು ‘ನಿನ್ನ ಸಮ್ಮತಿ ಇದೆಯೇ’ ಎಂದು ಕೇಳುವುದು ಹೇಗೆ? ‘ಹನಿ ಹಾಕಿಸಿಕೊಳ್ಳುತ್ತೀಯಾ? ಬೇಡ ಅನ್ನಿಸಿದರೆ ಬೇಡ ಅನ್ನಬಹುದು, ಯಾರೂ ಬೈಯುವುದಿಲ್ಲ’ ಎಂದು ಬರೆದಿಟ್ಟುಕೊಂಡಿದ್ದೇನೆ. ಇದರಲ್ಲಿ ತಿದ್ದಬೇಕಾದದ್ದು ಕಂಡರೆ ತಿಳಿಸಿ.