ಕೆಂಡದ ಮೇಲೆ ಮಕ್ಕಳೇ ಮಾಡಬಹುದಾದ ಅಡುಗೆ ಯಾವುದು?

ಪ್ರಶ್ನೆ – ಜಯನಗರದ ತಾಯಿ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ಕನಕಪುರದ ಬಳಿಯಿರುವ ನಮ್ಮ ಚಿಕ್ಕಪ್ಪನವರ ತೋಟಕ್ಕೆ 6ರಿಂದ 11 ವರ್ಷದೊಳಗಿನ 7 ಮಕ್ಕಳನ್ನು ಕರೆದೊಯ್ಯುತ್ತಿದ್ದೇವೆ. ಕಳೆದ ಬಾರಿ ದೊಡ್ಡವರೇ ಎಲ್ಲವನ್ನೂ ಬೇಯಿಸಿ ತಟ್ಟೆಗೆ ಬಡಿಸಿದ್ದರಿಂದ ಮಕ್ಕಳು ಅರ್ಧ ಗಂಟೆಯಲ್ಲಿ ಬೇಸತ್ತು ಮೊಬೈಲ್ ಕೇಳತೊಡಗಿದರು. ಈ ಸಲ ಅವರೇ ಕೈಯಾರೆ ಮಾಡಬಹುದಾದ, ಎಣ್ಣೆ ಕಾಯಿಸುವ ಅಗತ್ಯವಿಲ್ಲದ ಅಡುಗೆಗಳನ್ನು ದಯವಿಟ್ಟು ತಿಳಿಸಿ.

ಉತ್ತರ 1 – ಬಸವನಗುಡಿಯ ಅಜ್ಜಿ

ಗೆಣಸಿನಿಂದ ಆರಂಭಿಸಿ, ತಾಯಿ. ಮಕ್ಕಳೇ ಗೆಣಸನ್ನು ತೊಳೆದು, ಬಿಸಿ ಬೂದಿಯಲ್ಲಿ ಹೂತು, ಮೇಲೆ ಕೆಂಡ ಎಳೆಯುವಂತೆ ನೀವು ಉದ್ದನೆಯ ಕೋಲು ಹಿಡಿದು ಜೊತೆಗಿರಿ. ಮಧ್ಯಮ ಗಾತ್ರದ್ದು ಸುಮಾರು 40 ನಿಮಿಷಕ್ಕೆ ಬೆಂದು, ಕಡ್ಡಿ ಚುಚ್ಚಿದರೆ ಸಲೀಸಾಗಿ ಒಳಗಿಳಿಯುತ್ತದೆ. ಉರಿಯಲ್ಲಿ ಹಾಕಿದರೆ ಸಿಪ್ಪೆ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯುವುದರಿಂದ, ಸೌದೆ ಉರಿದು ಕೆಂಡವಾಗುವವರೆಗೂ ಕಾಯಲೇಬೇಕು. ಆ ಕಾಯುವ ಹೊತ್ತಿಗೆ ಕೆಲಸ ಬೇಕಲ್ಲವೇ? ಜನವರಿ ಅವರೆಕಾಯಿಯ ಕಾಲ; ಸೊಗಡಿನ ಕಾಯಿಗಳನ್ನು ಉಪ್ಪು ನೀರಿನಲ್ಲಿ ಚೆನ್ನಾಗಿ ಬೇಯಿಸಿ ಮುಂದಿಟ್ಟರೆ ಮಕ್ಕಳು ಸುಲಿದು ತಿನ್ನುತ್ತಾ ಕುಳಿತಿರುತ್ತಾರೆ.

ಉತ್ತರ 2 – ಯಲಹಂಕದ ಶಿಕ್ಷಕ

ನಮ್ಮ ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು ಬಾಳೆಹಣ್ಣು. ಸಿಪ್ಪೆಯನ್ನು ಸುಲಿಯದೆ ಉದ್ದಕ್ಕೆ ಸೀಳಿ, ಪುಡಿಬೆಲ್ಲ, ಏಲಕ್ಕಿ ಹಾಗೂ ಕಾಯಿತುರಿ ತುಂಬಿ, ಸೀಳು ಮೇಲಿರುವಂತೆ ಕೆಂಡದ ಮೇಲಿಟ್ಟರೆ ಬೆಲ್ಲ ಕರಗಿ ಹಣ್ಣಿನೊಳಗೆ ಇಳಿಯುತ್ತದೆ; ಸಿಪ್ಪೆ ಕಪ್ಪಾದಾಗ ತೆಗೆದು ಚಮಚದಿಂದ ತಿನ್ನಬಹುದು. ಕರಗಿದ ಬೆಲ್ಲ ಬಾಯಿ ಸುಡುವಷ್ಟು ಬಿಸಿಯಿರುವುದರಿಂದ ಸ್ವಲ್ಪ ಆರಿಸಿ ಕೊಡಿ. ಚಪಾತಿ ಹಿಟ್ಟನ್ನು ಹಗ್ಗದಂತೆ ಹೊಸೆದು, ಕೋಲಿಗೆ ಸುತ್ತಿ, ಕೆಂಡದ ಮೇಲೆ ನಿಧಾನವಾಗಿ ತಿರುಗಿಸುತ್ತಾ ಸುಡುವುದು ದೊಡ್ಡ ಮಕ್ಕಳಿಗೆ ಹಿಡಿಸುತ್ತದೆ. ಆದರೆ ಬೇಲಿಯಿಂದ ಕಂಡ ಕಂಡ ಕಡ್ಡಿ ಮುರಿಯಬೇಡಿ, ಏಕೆಂದರೆ ಕಣಗಿಲೆ ಗಿಡದ ಪ್ರತಿಯೊಂದು ಭಾಗವೂ ವಿಷ. ಮನೆಯಿಂದಲೇ ಬಿದಿರಿನ ಕಡ್ಡಿಗಳನ್ನು ಒಯ್ದು, ಅರ್ಧ ಗಂಟೆ ನೀರಿನಲ್ಲಿ ನೆನೆಸಿಡಿ.

ಉತ್ತರ 3 – ಚಾರಣಿಗ, ವಿಜಯನಗರ

ಮೇಲಿನ ಎರಡೂ ಸಲಹೆಗಳನ್ನು ಒಪ್ಪುತ್ತೇನೆ; ಆದರೆ 6 ವರ್ಷದವರಿಗೆ ಕೋಲಿನ ರೊಟ್ಟಿ ಬೇಡ, ಅವರು ಬಾಳೆ ಎಲೆಯ ಮೇಲೆ ಅಕ್ಕಿ ರೊಟ್ಟಿ ತಟ್ಟಲಿ, ಕಾವಲಿಯ ಕೆಲಸ ನಿಮ್ಮದಿರಲಿ. ಒಲೆಗೆ ಹೊಳೆಯ ಒದ್ದೆ ಕಲ್ಲುಗಳನ್ನು ಹೂಡಿದರೆ ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುವ ಅಪಾಯವಿದೆ. ಮಕ್ಕಳಿಗೆ ನೈಲಾನ್ ಬಟ್ಟೆ ಬೇಡ, ಹತ್ತಿಯದನ್ನೇ ತೊಡಿಸಿ. ಎರಡು ಬಕೆಟ್ ನೀರು ಪಕ್ಕದಲ್ಲಿರಲಿ. ಯಾರಿಗಾದರೂ ಸುಟ್ಟರೆ ಶಾಯಿ, ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು, ಬೊಬ್ಬೆ ಎದ್ದಿದ್ದರೆ ವೈದ್ಯರಿಗೆ ತೋರಿಸಿ. ತೋಟವಾದ್ದರಿಂದ ನಿಮಗೆ ತೊಡಕಿಲ್ಲ. ಸಾವನದುರ್ಗದಂಥ ಅರಣ್ಯದಲ್ಲಿ ಮಾತ್ರ ಎಂದಿಗೂ ಬೆಂಕಿ ಹಚ್ಚಕೂಡದು.

ಜಯನಗರದ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಭಾನುವಾರ ತಾರಸಿಯ ಮೇಲೆ ಅಗ್ಗಿಷ್ಟಿಕೆಯಲ್ಲಿ ಬಾಳೆಹಣ್ಣನ್ನು ಒಮ್ಮೆ ಸುಟ್ಟು ನೋಡುತ್ತೇವೆ.